ದಿಮಾಕಿನ ಬೇನೆ

ಇಂಟರ್ ಮುಗಿದ ಮೇಲೆ ನಾನು ಒಂದು ವರ್ಷ ಮನೆಯಲ್ಲೇ ಕೂತೆ. ಜಹೀರಾಬಾದಿನಿಂದ ತೆಲಂಗಾಣದ ನಮ್ಮೂರು ತಾಂಡೂರಿಗೆ ಬರುವಾಗ ನಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರಿಗೆ ಬಡಿದು ಉರುಳಿತ್ತು. ನನ್ನ ಮೈಗೆ ಒಂದು ಗೀರೂ ಆಗಲಿಲ್ಲ. ಪಕ್ಕದ ಸೀಟಿನ ಹೆಂಗಸು ಸತ್ತದ್ದನ್ನು ಮಾತ್ರ ಕಣ್ಣಾರೆ ಕಂಡೆ. ಆಮೇಲೆ ನಿದ್ದೆ ಹೋಯಿತು, ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಹೈದರಾಬಾದಿನ ಡಾಕ್ಟರು ಗುಳಿಗೆ ಕೊಟ್ಟರು, ಕೂರಿಸಿಕೊಂಡು ಮಾತಾಡಿಸಿದರು. ನಿಧಾನಕ್ಕೆ ಓದುವಂತಾದೆ.

ಬಸ್ಸು ಹತ್ತಲು ಆಗದ ನನಗೆ ರೈಲಿನಲ್ಲಿ ಹೋಗಬಹುದಾದ ಕಾಲೇಜು ಕಲಬುರಗಿಯಲ್ಲೊಂದಿತ್ತು. ಅದು ತಪ್ಪಿದರೆ ಓದೇ ಇಲ್ಲ. ಅವರ ಅರ್ಜಿಯಲ್ಲಿ ಒಂದು ಪ್ರಶ್ನೆ: ಓದು ಒಂದು ವರ್ಷ ನಿಂತದ್ದೇಕೆ? ಸ್ವಂತ ಮಾತಿನಲ್ಲಿ ಬರೆಯಿರಿ.

ಸ್ವಂತ ಮಾತಿಗೆ ಮನೆಮಂದಿಯೆಲ್ಲ ಸೇರಿದರು. ಕಲ್ಲು ಪಾಲಿಶ್ ಕಾರ್ಖಾನೆ ನಡೆಸುವ ಸೋದರಮಾವ ಚಹಾ ಕುಡಿಯುತ್ತ ತೀರ್ಪು ಕೊಟ್ಟ.

"ಟೈಫಾಯ್ಡ್ ಅಂತ ಬರಿ. ಮರ್ಯಾದಿ ಇರೋ ಬ್ಯಾನಿ."

"ಟೈಫಾಯ್ಡ್ ಒಂದ್ ವರ್ಷ ಇರ್ತದೇನು ಮಾವಾ?"

"ಮೊದಲ ಟೈಫಾಯ್ಡ್, ಆಮ್ಯಾಲ ಕಾಮಣಿ, ಕಡೀಕ ಚಿಕೂನ್ ಗುನ್ಯಾ. ವರ್ಷ ತುಂಬಿತು ನೋಡು."

"ಕಾಮಣಿ ಬ್ಯಾಡ" ಎಂದಳು ಅವ್ವ, ಕಾಮಾಲೆಯ ಹೆಸರಿಗೇ ಹೆದರಿ. "ನಾಳೆ ಲಗ್ನಕ್ಕ ತೊಂದ್ರಿ ಆಗ್ತದ. ಖರೇ ಬರದ್ರಂತೂ ಮುಗದೇ ಹೋತು, ಹುಚ್ಚಿ ಅಂತಾರ."

ಇಷ್ಟೆಲ್ಲ ಬೇನೆ ಬಂದವಳು ಬದುಕಿದ್ದಾದರೂ ಹೇಗೆ ಎಂದು ಯಾರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲದ ಟೈಫಾಯ್ಡಿಗೆ ಇರುವ ಮರ್ಯಾದೆ, ನಾನು ನಿಜವಾಗಿ ಅನುಭವಿಸಿದ್ದಕ್ಕೆ ಇಲ್ಲ! ಅವರೆಲ್ಲ ಎದ್ದು ಹೋದ ಮೇಲೆ ಯಾರಿಗೂ ಹೇಳದೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ನಾನು ಓದಿದ್ದು ತೆಲುಗು ಮೀಡಿಯಂ. ಕನ್ನಡ ಏನಿದ್ದರೂ ಮನೆಯದು, ಅದಕ್ಕೆ ಓಣಿಯ ದಖನಿ ಉರ್ದುವಿನ ಒಗ್ಗರಣೆ. ನಮ್ಮಲ್ಲಿ ಮಿದುಳಿಗೆ ದಿಮಾಕು ಅನ್ನುತ್ತಾರೆ. "ನನಗೆ ದಿಮಾಕಿನ ಬೇನೆ ಆಗಿತ್ತು. ಗುಳಿಗೆ ತಿಂದು ಈಗ ಕಡಿಮೆಯಾಗಿದೆ" ಎಂದು ಬರೆದಿದ್ದೆ.

ಸಂದರ್ಶನಕ್ಕೆ ಅವ್ವನೂ ಬಂದಳು. ರೈಲಿನುದ್ದಕ್ಕೂ ಟೈಫಾಯ್ಡಿನ ಲಕ್ಷಣಗಳನ್ನು ನನಗೆ ಬಾಯಿಪಾಠ ಮಾಡಿಸಿದಳು. ಒಳಗಿದ್ದವರು ಮೈಸೂರು ಕಡೆಯ ಮೇಡಂ. ಅರ್ಜಿ ಓದಿ ಕನ್ನಡಕ ತೆಗೆದರು.

"ನಿನಗೆ ದಿಮಾಕಿನ ಕಾಯಿಲೆ ಇತ್ತಾ?"

"ಟೈಫಾಯ್ಡ್ ರಿ!" ಎಂದಳು ಅವ್ವ.

"ಟೈಫಾಯ್ಡ್ ಬಂದ್ರೆ ದಿಮಾಕು ಬರುತ್ತಾ?"

"ಜ್ವರ ತಲಿಗೇರಿತ್ರಿ."

ಮೇಡಂ ನನ್ನ ಕಡೆ ತಿರುಗಿದರು. "ಈಗ ಕಡಿಮೆ ಅಂತ ಬರೆದಿದ್ದೀಯ. ಎಷ್ಟು ಕಡಿಮೆ?"

"ಅರ್ಧ ಗುಳಿಗಿಗೆ ಬಂದದ್ರಿ."

"ದಿಮಾಕಿಗೂ ಮಾತ್ರೆ ಇದೆಯಾ? ನಮ್ಮ ಪ್ರಿನ್ಸಿಪಾಲರಿಗೆ..." ಎಂದವರು ಬಾಗಿಲ ಕಡೆ ನೋಡಿ ಮಾತು ನುಂಗಿಕೊಂಡರು. ಆಮೇಲೆ ಮುಖ ಬಿಗಿಮಾಡಿ, ಹಿರಿಯರೆದುರು ಸೊಕ್ಕು ತೋರಿಸುವ ಹುಡುಗಿಯರನ್ನು ಹಾಸ್ಟೆಲಿನಲ್ಲಿ ಸಂಭಾಳಿಸುವುದು ಎಷ್ಟು ಕಷ್ಟ ಎಂದು ವಿವರಿಸಿದರು. ಅವರ ಕನ್ನಡದಲ್ಲಿ ದಿಮಾಕು ಅಂದರೆ ಸೊಕ್ಕು ಎಂದು ನನಗೆ ಆಗ ಹೊಳೆಯಿತು. ಬಾಯಿ ತೆರೆಯಲು ನೋಡಿದೆ. ಮೇಡಂ ಕೈಯೆತ್ತಿ ತಡೆದರು.

"ಮಾರ್ಕ್ಸ್ ಚೆನ್ನಾಗಿದೆ, ಅದಕ್ಕೆ ಒಂದು ದಾರಿ ಮಾಡ್ತೀನಿ. ಇನ್ನು ಮುಂದೆ ದಿಮಾಕು ಮಾಡೋದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡು. ಸೀಟು ನಿಂದೇ."

ಅವ್ವನ ಮುಖ ಅರಳಿತು. ಮಗಳು ಹುಚ್ಚಿ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವಳು ಅನ್ನಿಸಿಕೊಳ್ಳುವುದು ಆಕೆಗೆ ಎಷ್ಟೋ ವಾಸಿ. "ಬರಕೊಡ್ತಾಳ್ರಿ!" ಎಂದು ತಾನೇ ಪೆನ್ನು ನನ್ನ ಕೈಗಿಟ್ಟಳು. ನನಗೂ ಸೀಟು ಬೇಕಿತ್ತು. ದಿಮಾಕು ಬಿಡುತ್ತೇನೆ ಎಂದು ಬರೆಯತೊಡಗಿದೆ.

ಅಷ್ಟರಲ್ಲಿ ಮೇಡಂ ಹಾಸ್ಟೆಲಿನ ನಿಯಮ ಹೇಳುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಮನೆಯವರು ಯಾರೂ ಒಳಗೆ ಬರುವಂತಿಲ್ಲ.

"ಯಾರೂ ಅಂದ್ರ, ತಾಯಿನೂ?"

"ತಾಯೀನೂ."

ಅವ್ವ ನನ್ನ ಕೈ ಹಿಡಿದು ಪೆನ್ನು ನಿಲ್ಲಿಸಿದಳು.

"ದಿಮಾಕಲ್ರಿ ಮೇಡಂ. ಟೈಫಾಯ್ಡೂ ಅಲ್ಲ. ಬಸ್ ಉರುಳಿ ಆಕಿ ಮನಸಿಗೆ ಪೆಟ್ಟು ಬಿದ್ದದ. ರಾತ್ರಿ ನಿದ್ದಿಗಣ್ಣಾಗ ಚೀರ್ತಾಳ. ಪೂರಾ ಎಚ್ಚರ ಆಗಂಗಿಲ್ಲ. ನಾ ಬಾಜೂಕ ಕುಂತು ಹೆಸರ ಹಿಡದು ಕರೀತೀನಿ, ಆವಾಗ ಸುಮ್ಮನಾಗ್ತಾಳ. ಇಲ್ಲಿ ಯಾರ ಕರೀತಾರ್ರಿ?"

ಮೇಡಂ ಮುಚ್ಚಳಿಕೆಯ ಹಾಳೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಸೀಟೂ ಕೊಟ್ಟರು. ನನಗೆ ಅದು ಸರಿಯಾಗಿ ಕಿವಿಗೆ ಬೀಳಲಿಲ್ಲ. ನಾನು ಅವ್ವನನ್ನೇ ನೋಡುತ್ತಿದ್ದೆ. ಗುಳಿಗೆಯಿಂದ ನನಗೆ ರಾತ್ರಿಯಿಡೀ ಒಳ್ಳೆಯ ನಿದ್ದೆ ಬರುತ್ತಿದೆ ಎಂದೇ ನಾನು ಅದುವರೆಗೂ ತಿಳಿದಿದ್ದೆ.