ಒದೆಯುತ್ತಿದ್ದ ಗಾಡಿ

ಆಯುಧಪೂಜೆಯ ಹಿಂದಿನ ದಿನ ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದರೆ ಸೀಮೆಎಣ್ಣೆಯ ವಾಸನೆ. ಮನೆಮನೆಗೂ ಗ್ಯಾಸ್ ಬಂದ ಮೇಲೆ ನಾನು ಮರೆತೇಬಿಟ್ಟಿದ್ದ ವಾಸನೆ ಅದು. ಮೂಲೆಯಲ್ಲಿ ಒಬ್ಬ ಕ್ಯಾಬ್ ಡ್ರೈವರ್ ಬಾನೆಟ್ ಎತ್ತಿಕೊಂಡು, ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ, ಮಗುವಿಗೆ ಎರೆಯುವವನ ಹಾಗೆ ಎಂಜಿನ್ನನ್ನು ಒರೆಸುತ್ತಿದ್ದ.

"ರಬ್ಬರ್ ಪೈಪ್‌ಗೆ ತಾಗಿಸ್ಬೇಡಪ್ಪ, ಹಾಳಾಗತ್ತೆ" ಎಂದೆ.

ಅವನು ನನ್ನ ಮಂಡಿ ಪಟ್ಟಿಯನ್ನೂ ಕೈಯಲ್ಲಿದ್ದ ಸೊಪ್ಪಿನ ಚೀಲವನ್ನೂ ನೋಡಿದ. "ಆಂಟಿ ಗಾಡಿ ಓಡಿಸ್ತೀರಾ?"

ಇಲ್ಲ. ಸೈಕಲ್ ಕಲಿಯಲು ಹೋಗಿ ಜೋಗುಪಾಳ್ಯದ ಚರಂಡಿಗೆ ಬಿದ್ದವಳು ನಾನು. ಆಮೇಲೆ ಚಕ್ರವಿರುವ ಯಾವುದಕ್ಕೂ ನಾನು ಬರೀ ಪ್ರಯಾಣಿಕಳು. ಆದರೆ ಒಂದು ಮಿಲಿಟರಿ ಟ್ರಕ್ಕಿನ ಗೇರ್‌ಬಾಕ್ಸ್ ಬಗ್ಗೆ ಮಾತ್ರ ನನಗೆ ಬೇಡದಷ್ಟು ಗೊತ್ತು. ಆ ಡ್ರೈವರಿಗೆ ಅದನ್ನು ಕೇಳುವ ಪುರುಸೊತ್ತಿರಲಿಲ್ಲ. ನಿಮಗಿದ್ದರೆ ಕೇಳಿ.

ನಮ್ಮದು ಕೆ.ಆರ್. ಪುರದ ಹಳೇ ಕುಟುಂಬ. ತಾತನ ಕಾಲಕ್ಕೆ ಹೊಲವಿತ್ತು, ಅಪ್ಪನ ಕಾಲಕ್ಕೆ ಸೈಟುಗಳಿದ್ದವು, ನಮ್ಮ ಕಾಲಕ್ಕೆ ಬಾಯಿ ಮಾತ್ರ ಉಳಿದಿತ್ತು. ಅಣ್ಣ ಮುನಿರಾಜು ಲಾರಿ ಓಡಿಸುತ್ತಿದ್ದ. ನಾನು ದಂಡಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಆಫೀಸಿನಲ್ಲಿ ಟೈಪಿಸ್ಟ್. ಮದುವೆಯಾಗಲಿಲ್ಲ. ಅದು ಬೇರೆ ಪ್ರಬಂಧ, ಮತ್ತು ಇದಕ್ಕಿಂತ ತಮಾಷೆಯದು.

ತೊಂಬತ್ತರ ದಶಕದ ಮೊದಲಲ್ಲಿ ಅಣ್ಣ ಹೊಸಕೋಟೆಯ ಆಚೆ ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿ ಟೈರ್ ಬದಲಿಸುತ್ತಿದ್ದಾಗ ಹಿಂದಿನಿಂದ ಬಂದ ಇನ್ನೊಂದು ಲಾರಿ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಕೊಂಡು ಹೋಯಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಮೊದಲು ಕೇಳಿದ್ದು "ಯಾವ ಕಾಲು?" ಎಂದು. ಎಡಗಾಲು ಎಂದೆ. ಗೋಡೆಯ ಕಡೆ ತಿರುಗಿಕೊಂಡ. ಎಡಗಾಲು ಎಂದರೆ ಕ್ಲಚ್ಚಿನ ಕಾಲು ಎಂದು ಆಗ ನನಗೆ ಹೊಳೆಯಲಿಲ್ಲ.

ಮರದ ಕಾಲು ಬಂತು. ಅದರಲ್ಲಿ ನಡೆಯಬಹುದಿತ್ತು, ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಕೆಲಸವಿಲ್ಲದ ಅಣ್ಣ ಜಗುಲಿಯಲ್ಲಿ ಕೂತು ಓಲ್ಡ್ ಮದ್ರಾಸ್ ರೋಡಿನಲ್ಲಿ ಹೋಗುವ ಲಾರಿಗಳನ್ನು ಬರೀ ಸದ್ದಿನಲ್ಲೇ ಗುರುತಿಸುತ್ತಾ, ಅವುಗಳ ಡ್ರೈವರುಗಳನ್ನು ಬೈಯುತ್ತಾ ದಿನ ಕಳೆದ. ಮೊದಲೇ ಮುಂಗೋಪಿ, ಈಗ ದೂರ್ವಾಸನೇ ಆದ. ಅನ್ನ ಮೆತ್ತಗಾದರೆ ಅತ್ತಿಗೆ ಸರೋಜಮ್ಮನಿಗೆ ಬೈಗುಳ, ನೆಟ್ಟಗಿದ್ದರೆ ನನಗೆ.

ಆಗ ಸಿಕ್ಕಿದ್ದೇ ಆ ಗಾಡಿ. ನಮ್ಮೂರಿನ ಪಿಳ್ಳಪ್ಪಣ್ಣ ಎನ್ನುವವರು ಮಿಲಿಟರಿ ಹರಾಜಿನಲ್ಲಿ ಒಂದು ಹಳೇ ಡೀಸೆಲ್ ಟ್ರಕ್ ಹಿಡಿದಿದ್ದರು. ವಿದೇಶದ್ದು, ಹಸಿರು ಬಣ್ಣ, ಹಿಂದೆ ಕ್ರೇನಿನ ಕೊಕ್ಕೆ. ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವುದು ಅದರ ಕೆಲಸ. ಅದಕ್ಕೆ ಕ್ಲಚ್ಚೇ ಇರಲಿಲ್ಲ, ಗೇರುಗಳು ತಾವಾಗಿಯೇ ಬೀಳುತ್ತಿದ್ದವು. ಬೀಳುತ್ತಿದ್ದವು ಎನ್ನುವುದು ಸುಮ್ಮನೆ ಹೇಳಿದ ಮಾತಲ್ಲ. ಎಂಜಿನ್ ಗಂಟಲು ಹರಿಯುವಂತೆ ಕೂಗಿ ಕೂಗಿ, ಇನ್ನೇನು ಸಿಡಿಯಿತು ಎನ್ನುವಾಗ ಗೇರು ದಡ್ ಎಂದು ಬದಲಾಗಿ ಕೂತವರನ್ನೆಲ್ಲ ಮುಂದಕ್ಕೆಸೆಯುತ್ತಿತ್ತು. ಒಬ್ಬ ಡ್ರೈವರ್ ಸ್ಟಿಯರಿಂಗಿಗೆ ಹಣೆ ಒಡೆದುಕೊಂಡ, ಇನ್ನೊಬ್ಬ ಕೀಲಿಯನ್ನು ಪಿಳ್ಳಪ್ಪಣ್ಣನ ಮೇಜಿನ ಮೇಲೆಸೆದು ಮನೆಗೆ ಹೋದ. ಇನ್ನು ಗುಜರಿಗೆ ಎನ್ನುವ ಹೊತ್ತಿಗೆ ಅಣ್ಣ ಕುಂಟುತ್ತಾ ಹೋಗಿ, "ನಂಗ್ ಕೊಡಣ್ಣ, ನಾನ್ ಓಡಿಸ್ತೀನಿ" ಎಂದ. ಬೇರೆ ಯಾರೂ ಒಪ್ಪದ್ದರಿಂದ ಅವರು ಕೊಟ್ಟರು.

ಬೆಂಗಳೂರಿನಲ್ಲಿ ಆ ಕಾಲಕ್ಕೆ ಎಡಗಾಲಿಲ್ಲದವನು ಓಡಿಸಬಹುದಾದ ದೊಡ್ಡ ಗಾಡಿ ಇನ್ನೊಂದಿತ್ತೋ ಇಲ್ಲವೋ, ನಮಗಂತೂ ಗೊತ್ತಿರಲಿಲ್ಲ. ಮನೆಯಲ್ಲಿ ಬೈಗುಳ ನಿಂತಿತು. ಅಣ್ಣ ಮೀಸೆಗೆ ಎಣ್ಣೆ ಹಚ್ಚತೊಡಗಿದ. ಒಮ್ಮೆ ನನ್ನನ್ನು ಆಫೀಸಿಗೆ ಬಿಡುತ್ತೇನೆಂದು ಹತ್ತಿಸಿಕೊಂಡ. ಇಂದಿರಾನಗರ ದಾಟುವಷ್ಟರಲ್ಲಿ ನನ್ನ ಊಟದ ಕ್ಯಾರಿಯರ್ ಬಾಯಿ ಬಿಟ್ಟು, ಹುಳಿಯೆಲ್ಲ ಸೀರೆಯ ಮೇಲೆ. ಆ ದಿನ ಆಫೀಸಿನಲ್ಲಿ ಬೆಳಗ್ಗೆಯಿಂದಲೇ ಎಲ್ಲರಿಗೂ ಹಸಿವಾಯಿತಂತೆ.

ನನಗಾದದ್ದು ಸೀರೆ ಹಾಳಾದದ್ದಷ್ಟೇ. ಅಣ್ಣನಿಗೆ ಪ್ರತಿ ಗೇರಿಗೂ ಕಾಲಿನ ಮೋಟು ಮರದ ಕಾಲಿನ ಬಟ್ಟಲಿಗೆ ಗುದ್ದುತ್ತಿತ್ತು. ಸಂಜೆ ಮನೆಗೆ ಬಂದು ಕಾಲು ಬಿಚ್ಚಿದರೆ ಒಳಗಿನ ಬಟ್ಟೆಯಲ್ಲಿ ರಕ್ತ. ಅತ್ತಿಗೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹಚ್ಚುತ್ತಿದ್ದಳು. ಹೀಗೇ ಹೋದರೆ ಇನ್ನೂ ಸ್ವಲ್ಪ ಮೇಲಕ್ಕೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಗಾಡಿ ಬಿಟ್ಟರೆ ಜಗುಲಿ, ಬಿಡದಿದ್ದರೆ ಮೊಣಕಾಲು. ಒದೆತ ನಿಲ್ಲಿಸುವುದೊಂದೇ ಉಳಿದ ದಾರಿ.

ಹಲಸೂರಿನ ಅಂಚಿನಲ್ಲಿ ಮೆಕ್ಯಾನಿಕ್ ಖಾದರ್ ಭಾಯ್ ಅವರ ಶೆಡ್ಡಿತ್ತು. ಮೊದಲು ಶಿವಾಜಿನಗರದ ಗಲ್ಲಿಯಲ್ಲಿದ್ದವರು, ಅಲ್ಲಿ ನಮ್ಮ ಗಾಡಿ ಹಿಡಿಯದೆಂದೇ ಎಂಬಂತೆ ಇಲ್ಲಿಗೆ ಬಂದಿದ್ದರು. ಲಾರಿ ಗೇರ್‌ಬಾಕ್ಸಿನಲ್ಲಿ ಪಳಗಿದ ಕೈ. ಈ ಗೇರಿನ ಪೆಟ್ಟಿಗೆ ಮಾತ್ರ ಅವರಿಗೆ ಅರ್ಥವಾಗಲಿಲ್ಲ, ಅದನ್ನು ಅವರು ಒಪ್ಪಲೂ ಇಲ್ಲ. "ಕ್ಯಾ ಮುನಿರಾಜು ಭಾಯ್, ಇದು ಗೇರ್‌ಬಾಕ್ಸ್ ಅಲ್ಲ, ಕತ್ತೆ. ಒದೀತದೆ, ಆದ್ರೆ ಯಾಕೆ ಒದೀತದೆ ಅಂತ ಹೇಳಲ್ಲ."

ಯಾರೋ ಪುಣ್ಯಾತ್ಮರು ಲಾರಿಗೆ ಹಾಕುವ ದಪ್ಪ ಆಯಿಲ್ಲನ್ನೇ ಇದಕ್ಕೂ ಸುರಿದಿದ್ದರು. ಅದನ್ನು ಬಸಿದು ತೆಳ್ಳಗಿನ ಕೆಂಪು ಆಯಿಲ್ ಹಾಕಿದರು. ಆಯಿಲ್ ಸೋಸುವ ಜಾಲರಿ ಬದಲಿಸಿದರು. ಎಂಜಿನ್ನಿನ ಕೆಳಗಿನ ರಬ್ಬರ್ ದಿಂಬುಗಳನ್ನು ಬದಲಿಸಿದರು. ಗಾಡಿ ಒದೆಯುತ್ತಲೇ ಇತ್ತು. ಇನ್ನು ಪೆಟ್ಟಿಗೆಯನ್ನೇ ಬಿಚ್ಚಬೇಕು, ಬಿಚ್ಚಿದರೆ ಒಳಗಿನ ಸಾಮಾನು ಈ ದೇಶದಲ್ಲಿ ಸಿಗುವುದಿಲ್ಲ. ಪೂಜೆಗೇನೂ ಕೊರತೆಯಿರಲಿಲ್ಲ ಅನ್ನಿ. ಲಾರಿಯವರ ಪದ್ಧತಿಯಂತೆ ಅಣ್ಣ ಗಾಡಿಯ ಹೊಟ್ಟೆಯನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಮೇಲೆ ಸುಟ್ಟ ಆಯಿಲ್ ಸವರಿ ಮಿಂಚಿಸುತ್ತಿದ್ದ. ಆಯುಧಪೂಜೆಗಂತೂ ಎರಡೆರಡು ಸಲ. ಹಿಂದಿನ ಡ್ರೈವರುಗಳೂ ಹಾಗೆಯೇ ತೊಳೆದಿದ್ದರು. ಆಯುಧಪೂಜೆ ಕಳೆದ ಮೇಲೆ ಒದೆತ ಇನ್ನೂ ಜೋರಾಯಿತು. ದೃಷ್ಟಿಯಾಗಿದೆ ಎಂದು ಅತ್ತಿಗೆ ಕುಂಬಳಕಾಯಿ ಒಡೆಸಿದಳು.

ಒಂದು ಸಂಜೆ ಆಫೀಸಿನಿಂದ ಬರುವಾಗ ಶೆಡ್ಡಿಗೆ ಹೋದೆ. ಗಾಡಿಯ ಚಕ್ರಕ್ಕೆ ಅಣ್ಣನ ಕಾಲು ಒರಗಿ ನಿಂತಿತ್ತು, ಬೂಟಿನ ಸಮೇತ. ಕಾಲು ಹಾಕಿಕೊಂಡು ಅವನಿಗೆ ಕೆಳಗೆ ತೆವಳಲು ಆಗುತ್ತಿರಲಿಲ್ಲ. ದಾರಿಹೋಕರು ಅದನ್ನು ನೋಡಿ ಬೆಚ್ಚಿ, ಆಮೇಲೆ ಗಾಡಿಯ ಕೆಳಗಿನಿಂದ ಬರುವ ಬೈಗುಳ ಕೇಳಿ ಸಮಾಧಾನಪಟ್ಟು ಮುಂದೆ ಹೋಗುತ್ತಿದ್ದರು. ಎಂಜಿನ್ ಓಡುತ್ತಿತ್ತು. ಇದ್ದಕ್ಕಿದ್ದಂತೆ ಬೈಗುಳ ನಿಂತಿತು.

"ಭಾಯ್, ಬನ್ನಿ ಇಲ್ಲಿ. ನನ್ ಬೆರಳು ಹಿಡ್ಕೊಂತು!"

ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಬೆರಳಿನ ಗಾತ್ರದ ಒಂದು ರಬ್ಬರ್ ಪೈಪು ಹೋಗುತ್ತಿತ್ತು. ಎಂಜಿನ್ನಿನ ಒಂದು ಪಂಪು ಅದರೊಳಗಿನ ಗಾಳಿಯನ್ನು ಎಳೆಯುತ್ತಿರುತ್ತದೆ. ಪೈಪಿನ ಕೆಳಮೈಯಲ್ಲಿ, ಕಣ್ಣಿಗೆ ಕಾಣದ ಕಡೆ, ಒಂದು ಸೀಳು. ಸವರಿ ನೋಡುತ್ತಿದ್ದ ಅಣ್ಣನ ಬೆರಳನ್ನು ಆ ಸೀಳು ಚೀಪಿ ಹಿಡಿದಿತ್ತು. ಖಾದರ್ ಭಾಯ್ ಅದನ್ನು ಮುಟ್ಟಿ ನೋಡಿದರು. ರಬ್ಬರು ನೆನೆದ ರೊಟ್ಟಿಯಂತೆ ಮೆತ್ತಗಾಗಿತ್ತು. ಮೂಸಿದರು. "ಸೀಮೆಎಣ್ಣೆ" ಎಂದರು.

ಡ್ರೈವರ್ ಆಕ್ಸಲರೇಟರನ್ನು ಎಷ್ಟು ತುಳಿದಿದ್ದಾನೆ ಎನ್ನುವ ಸುದ್ದಿ ಗೇರ್‌ಬಾಕ್ಸಿಗೆ ಹೋಗುವುದು ಆ ಪೈಪಿನ ಎಳೆತದಿಂದಂತೆ. ಪೈಪು ಸೀಳಿದರೆ ಎಳೆತವಿಲ್ಲ. ಆಗ ಪೆಟ್ಟಿಗೆಯು ಇವನು ಪೂರ್ತಿ ತುಳಿದಿದ್ದಾನೆ ಎಂದುಕೊಂಡು ಗೇರನ್ನು ತಡಮಾಡಿ, ಬಲ ಹಾಕಿ ಬದಲಿಸುತ್ತದೆ. ಗಾಡಿಗೆ ರೋಗವೇ ಇರಲಿಲ್ಲ. ನಮ್ಮ ಭಕ್ತಿಯೇ ಅದಕ್ಕೆ ರೋಗ. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ನಕ್ಕೆ. ಅಣ್ಣ ನಗಲಿಲ್ಲ. ಕೆಳಗಿನಿಂದ ಹೊರಗೆ ಬಂದು, ಚಕ್ರಕ್ಕೆ ಒರಗಿ, ಆ ಪೈಪಿನ ತುಂಡನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸುತ್ತಿದ್ದ. ಅಷ್ಟು ಹೊತ್ತು ನೋಡುವಂಥದ್ದು ಅದರಲ್ಲೇನೂ ಇರಲಿಲ್ಲ.

"ಹಾಕ್ಲಾ ಹೊಸದು?" ಎಂದರು ಖಾದರ್ ಭಾಯ್.

"ಹಾಕಿ" ಎಂದ.

ಗಟ್ಟಿ ಪೈಪು ಹಾಕಿದ ಮೇಲೆ, "ಬಾ ಅಮ್ಮಣ್ಣಿ, ಕೂತ್ಕೋ, ಮನೆಗ್ ಹೋಗೋಣ" ಎಂದು ನನ್ನನ್ನು ಹತ್ತಿಸಿಕೊಂಡ. ಅಭ್ಯಾಸಬಲದಿಂದ ನಾನು ಮುಂದಿನ ಕಂಬಿ ಹಿಡಿದೆ. ಹಲಸೂರು ದಾಟಿತು, ಇಂದಿರಾನಗರ ದಾಟಿತು, ಕಂಬಿ ಹಿಡಿಯುವ ಅಗತ್ಯವೇ ಬರಲಿಲ್ಲ. ಗೇರು ಯಾವಾಗ ಬಿತ್ತೆಂದು ಎಂಜಿನ್ನಿನ ಸದ್ದು ಇಳಿದಾಗ ಮಾತ್ರ ತಿಳಿಯುತ್ತಿತ್ತು. ನನಗೆ ಹಿಡಿಸಲಾರದಷ್ಟು ಖುಷಿ. ಇನ್ನು ಅಣ್ಣನ ಕಾಲು ಉಳಿಯಿತು, ಮನೆ ಉಳಿಯಿತು ಎಂದು ದಾರಿಯುದ್ದಕ್ಕೂ ವಟವಟ. ಗಾಡಿಗೆ ಹೊಸ ಬಣ್ಣ ಹೊಡೆಸಬೇಕು ಎಂದೆ. ಮಹದೇವಪುರದ ನೆಂಟರ ಮದುವೆಗೆ ಎಲ್ಲರೂ ಇದರಲ್ಲೇ ಹೋಗಬೇಕು ಎಂದೆ. ಅಣ್ಣ ಹೂಂ ಎಂದ. ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ನಿಜ ಹೇಳಬೇಕೆಂದರೆ, ಅವತ್ತು ಬೇಕೆಂದೇ ನಿಧಾನ ಓಡಿಸುತ್ತಿದ್ದ.

ಮಾರನೆಯ ದಿನವೇ ಪಿಳ್ಳಪ್ಪಣ್ಣ ಗಾಡಿ ಹತ್ತಿ ಒಂದು ಸುತ್ತು ಹೋಗಿ ಬಂದರು. ಬಂದವರು ಇಳಿಯಲಿಲ್ಲ, ಅಲ್ಲೇ ಕೂತು ಹೇಳಿದರು. "ಮುನಿರಾಜು, ಈಗ ಇದನ್ನ ಯಾರ್ ಬೇಕಾದ್ರೂ ಓಡಿಸ್ಬೋದು ಕಣೋ. ನನ್ನಳಿಯ ಮನೇಲ್ ಸುಮ್ನೆ ಕೂತವ್ನೆ. ಇನ್ನೂ ಒಂದ್ ಮಾತು, ಬೇಜಾರ್ ಮಾಡ್ಕೋಬೇಡ. ನಾಳೆ ರೋಡಲ್ಲಿ ಏನಾದ್ರೂ ಆದ್ರೆ, ಕಾಲಿಲ್ಲದವನ ಕೈಗೆ ಗಾಡಿ ಕೊಟ್ಟಿದ್ದೆ ಅಂತ ಪೊಲೀಸ್ನೋರು ನನ್ನ ಹಿಡ್ಕೋತಾರೆ." ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದೇ ನನ್ನ ಹೊಟ್ಟೆಯನ್ನು ಹೆಚ್ಚು ಉರಿಸಿತು.

ಯಾರಿಗೂ ಬೇಡವಾಗಿದ್ದಷ್ಟು ದಿನ ಗಾಡಿ ಅಣ್ಣನದಾಗಿತ್ತು, ನೆಟ್ಟಗಾದ ದಿನ ಕೈಬಿಟ್ಟಿತು. ಖಾದರ್ ಭಾಯ್ ಒಂದು ದಿನ ಮನೆಗೆ ಬಂದು, "ಪೈಪ್‌ಗೆ ಒಂದು ಸೂಜಿ ಚುಚ್ಚಿದ್ರೆ ಸಾಕು ಭಾಯ್, ಮತ್ತೆ ಒದೀತದೆ, ಅಳಿಯ ಓಡಿ ಹೋಗ್ತಾನೆ" ಎಂದು ಪಿಸುಗುಟ್ಟಿದರು. ಅಣ್ಣ "ಟೀ ಕುಡೀರಿ" ಎಂದ, ಅಷ್ಟೇ. ಅತ್ತಿಗೆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದಳು. ಅಣ್ಣ ಜಗುಲಿಗೆ ಮರಳಿದ, ಆದರೆ ಈ ಸಲ ಲಾರಿಗಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಮ್ಮೆ ತಡೆಯಲಾರದೆ ಕೇಳಿದೆ. "ಪೈಪ್ ಹಾಕ್ಸೋವಾಗ ಹಿಂಗಾಗತ್ತೆ ಅಂತ ನಿಂಗೆ ಹೊಳೀಲಿಲ್ವಾ ಅಣ್ಣ?"

"ಹೊಳೀತು ಕಣೆ."

"ಮತ್ತೆ?"

"ಕಾಲ್ ಹೋದ್ಮೇಲೆ ಒಂದ್ಸಲನೂ ಗಾಡಿ ಸರಿಯಾಗಿ ಓಡಿಸಿರ್ಲಿಲ್ಲ. ಒಂದ್ಸಲ ಓಡಿಸ್ಬೇಕು ಅನ್ನಿಸ್ತು."

ಹಾಗಾದರೆ ಅದೊಂದೇ ಸಲ ಎಂದು ಅವನಿಗೆ ಗೊತ್ತಿತ್ತು, ಪಕ್ಕದಲ್ಲಿ ಕೂತು ವಟಗುಟ್ಟುತ್ತಿದ್ದ ನನಗೆ ಗೊತ್ತಿರಲಿಲ್ಲ. ಈ ಮಾತನ್ನು ನಾನು ಅತ್ತಿಗೆಗೆ ಹೇಳಲೇ ಇಲ್ಲ. ಸೂಜಿಮೊನೆಯಷ್ಟು ಸ್ವಾರ್ಥ ಇದ್ದಿದ್ದರೆ ಗಂಡ ಕೆಲಸ ಉಳಿಸಿಕೊಳ್ಳುತ್ತಿದ್ದ ಎಂದು ತಿಳಿದು ಅವಳು ಹೊಲಿಗೆ ಮೆಷಿನ್ನಿನ ಮುಂದೆ ಹೇಗೆ ಕೂರಬೇಕು? ಆ ಸಿಟ್ಟನ್ನು ಅವಳ ಪರವಾಗಿ ನಾನೇ ಇಟ್ಟುಕೊಂಡೆ, ಎರಡು ವರ್ಷದ ಹಿಂದೆ ಅಣ್ಣ ಸಾಯುವವರೆಗೂ, ಅದರಾಚೆಗೂ.

ಮೊನ್ನೆ ಹಬ್ಬದ ಊಟಕ್ಕೆ ಅತ್ತಿಗೆ ಬಂದಿದ್ದಳು. ಬೆನ್ನು ಬಾಗಿದೆ, ಕಣ್ಣು ಮಂಜಾಗಿದೆ. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಾಗ ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅಳುತ್ತಾಳೆ ಅಥವಾ ಅಣ್ಣನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡಳು.

"ನಂಗೊತ್ತಿತ್ತು" ಎಂದಳು. "ಗಾಡೀಲಿ ನಿನ್ನ ಕರ್ಕೊಂಡ್ ಬಂದ್ರಲ್ಲ, ಆವತ್ತು ಎಣ್ಣೆ ಬಿಸಿ ಮಾಡ್ಕೊಂಡ್ ಹೋದೆ. ಬೇಡ ಸರೋಜ, ಇವತ್ತು ನೋವಿಲ್ಲ ಅಂದ್ರು. ಬಟ್ಟೆ ಬಿಚ್ಚಿ ನೋಡ್ದೆ, ಒಂದ್ ಹನಿ ರಕ್ತ ಇಲ್ಲ. ಆ ಗಾಡಿ ಓಡಿಸ್ದಷ್ಟು ದಿನದಲ್ಲಿ ನೋವಿಲ್ದೆ ಮಲಗಿದ್ದು ಅದೊಂದೇ ರಾತ್ರಿ ಕಣಮ್ಮ. ಆದ್ರೂ ಬೆಳಗಾಗೋವರ್ಗೂ ಅವ್ರು ಕಣ್ ಮುಚ್ಲಿಲ್ಲ."