ವಕೀಲಮ್ಮನ ಕರಿ ಕೋಟು

ಎಂಬಿಎ ಎರಡನೇ ವರ್ಷದಲ್ಲಿ ನಾನೊಂದು ಸುಳ್ಳು ಹೇಳಿದೆ. ಅದಕ್ಕೆ ಮುಂಚೆಯೂ ಸುಳ್ಳು ಹೇಳಿದ್ದೆ, ಆಮೇಲೂ ಹೇಳಿದ್ದೇನೆ. ಆದರೆ ಅದೊಂದನ್ನು ನೆನೆದಾಗ ಮಾತ್ರ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮೂರು ಮಿಡಿಗೇಶಿ. ಡಿಗ್ರಿ ಮುಗಿಸಿ ಎರಡು ವರ್ಷ ಅಪ್ಪನ ದಿನಸಿ ಅಂಗಡಿಯಲ್ಲಿ ಕೂತಿದ್ದು, ಆಮೇಲೆ ಹಟ ಹಿಡಿದು ಎಂಬಿಎಗೆ ಸೇರಿದವಳು ನಾನು. ಕಾಲೇಜು ಇದ್ದದ್ದು ಕೊರಟಗೆರೆ ದಾಟಿ ತುಮಕೂರಿನ ದಾರಿಯಲ್ಲಿ. ಬೆಳಿಗ್ಗೆ ಪಾವಗಡದಿಂದ ಬರುವ ಬಸ್ಸಿಗೇ ಹತ್ತಬೇಕು. ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದ ಮೇಲೆ ಆ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗುತ್ತಿರಲಿಲ್ಲ. ಆದರೆ ನನಗೆ ಸೀಟಿನ ಚಿಂತೆ ಇರಲಿಲ್ಲ. ನನ್ನದೇ ಕ್ಲಾಸಿನ ಹುಡುಗಿಯೊಬ್ಬಳು ಪಾವಗಡದಲ್ಲೇ ಹತ್ತಿ, ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗಿಟ್ಟು, ಕೇಳಿದವರೊಂದಿಗೆಲ್ಲ ಜಗಳವಾಡಿ ಆ ಜಾಗ ಉಳಿಸಿಕೊಂಡು ಬರುತ್ತಿದ್ದಳು. ಅವಳ ಊರು ಪಾವಗಡದಿಂದಲೂ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ಆಡುವುದು ತೆಲುಗು. ನನಗಿಂತ ಎರಡು ವರ್ಷ ಚಿಕ್ಕವಳಾದ್ದರಿಂದ ಅಕ್ಕ ಅನ್ನುತ್ತಿದ್ದಳು.

"ಏಮಕ್ಕಾ, ಇವತ್ತು ಲೇಟು? ಆ ಯಜಮಾನ್ರು ನನ್ನ ಬ್ಯಾಗೇ ಕಿಟಕೀಲಿ ಎಸೀತೀನಿ ಅಂದ್ರು" ಅಂತ ನಗುತ್ತಾ ಜಾಗ ಬಿಡುತ್ತಿದ್ದಳು.

ಅದೇ ಬಸ್ಸಿಗೆ ನಮ್ಮೂರಿನಿಂದ ಇನ್ನೊಬ್ಬರು ಹತ್ತುತ್ತಿದ್ದರು. ಮಧುಗಿರಿ ಕೋರ್ಟಿನಲ್ಲಿ ವಕೀಲಿ ಮಾಡುವ ಹೆಂಗಸು, ಐವತ್ತರ ಆಸುಪಾಸು. ಊರಿನವರೆಲ್ಲ ಅವರನ್ನು ವಕೀಲಮ್ಮ ಅಂತಲೇ ಕರೆಯುತ್ತಿದ್ದರು. ಬಿಳಿ ಸೀರೆ ಉಟ್ಟು, ಕರಿ ಕೋಟನ್ನು ಮಡಿಸಿ ಮೊಣಕೈ ಮೇಲೆ ಹಾಕಿಕೊಂಡು ಬರುತ್ತಿದ್ದರು. ಸಾಮಾನ್ಯವಾಗಿ ನಮ್ಮ ಹಿಂದಿನ ಸೀಟು ಅವರದು.

ಎರಡನೇ ವರ್ಷ ಶುರುವಾದ ಮೇಲೆ ಕಾಲೇಜಿನಲ್ಲಿ ಓದಿಗಿಂತ ಬಟ್ಟೆಯ ಮಾತೇ ಹೆಚ್ಚಾಯಿತು. ಬೇಸಿಗೆಯಲ್ಲಿ ಕಂಪನಿಗಳು ಬರುತ್ತವೆ, ಅಷ್ಟರೊಳಗೆ ಎಲ್ಲರೂ 'ಫಾರ್ಮಲ್ಸ್' ಹೊಂದಿಸಿಕೊಳ್ಳಬೇಕು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದರು. ತಿಳಿ ಬಣ್ಣದ ಶರ್ಟು, ಕಡು ಬಣ್ಣದ ಪ್ಯಾಂಟು, ಮೇಲೊಂದು ಕೋಟು, ಮುಚ್ಚಿದ ಕರಿ ಬೂಟು. ಫೆಬ್ರವರಿಯಲ್ಲಿ ಅಭ್ಯಾಸಕ್ಕೆಂದು ಒಂದು ಸುಳ್ಳು ಇಂಟರ್‌ವ್ಯೂ ಇಟ್ಟರು. ನನ್ನ ಹತ್ತಿರ ಅದಾವುದೂ ಇರಲಿಲ್ಲ, ಅಭ್ಯಾಸಕ್ಕೆ ತಾನೇ ಅಂದುಕೊಂಡು, ಏನು ಹಾಕಿಕೊಳ್ಳಲಿ ಅಂತ ಅವ್ವನನ್ನು ಕೇಳಿದೆ. ಅವ್ವ ಬೀರುವಿನಿಂದ ಅರಿಶಿನ ಬಣ್ಣದ ಚೂಡಿದಾರ್ ತೆಗೆದಳು. ಕತ್ತಿನ ಸುತ್ತ ಜರಿ, ತೋಳಿಗೆ ಹೊಳೆಯುವ ಚುಕ್ಕಿ. "ಲಕ್ಷಣವಾಗಿ ಕಾಣ್ತೀಯ, ಇದ್ನೇ ಹಾಕ್ಕೊ" ಅಂದಳು. ಅವ್ವನಿಗೆ ತಿಳಿದ ಮಟ್ಟಿಗೆ ಒಳ್ಳೆಯ ಬಟ್ಟೆ ಅಂದರೆ ಅದೇ. ನನಗೂ ಅಷ್ಟೇ.

ನಾನು ಒಳಗೆ ಕಾಲಿಟ್ಟ ಕೂಡಲೇ ತರಬೇತಿ ಕೊಡುವ ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಯಾರ ಮದುವೆಗಮ್ಮ ಹೊರಟಿರೋದು?" ಅಂದರು. ಗೋಡೆಗೊರಗಿ ಕೂತಿದ್ದ ಅರವತ್ತು ಜನ ನಕ್ಕರು. ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. ನನ್ನನ್ನು ತಿರುಗಿ ನಿಲ್ಲಿಸಿ, ಏನು ಹಾಕಿಕೊಳ್ಳಬಾರದು ಅನ್ನುವುದನ್ನು ಒಂದೊಂದಾಗಿ ತೋರಿಸಿದರು. ಜರಿ, ಚುಕ್ಕಿ, ಬಳೆ, ಚಪ್ಪಲಿ. ನಾನು ಚಪ್ಪಲಿ ನೋಡುತ್ತಾ ನಿಂತಿದ್ದೆ. ಆ ಕ್ಷಣ ನನಗೆ ಮೇಷ್ಟ್ರ ಮೇಲಲ್ಲ, ಅವ್ವನ ಮೇಲೆ ಸಿಟ್ಟು ಬಂತು. ಮನೆಗೆ ಬಂದು ಆ ಚೂಡಿದಾರನ್ನು ಅವ್ವನ ಮುಂದೆಯೇ ಮೂಲೆಗೆ ಎಸೆದೆ. ಅವಳು ಅದನ್ನು ಎತ್ತಿ ಮಡಿಸಿಟ್ಟಳು.

ಮರುದಿನ ಬಸ್ಸಿನಲ್ಲಿ ಅದನ್ನೆಲ್ಲ ಪಕ್ಕದವಳ ಹತ್ತಿರ ಹೇಳಿಕೊಂಡು ಅತ್ತೆ. ಹಿಂದಿನ ಸೀಟಿನಿಂದ ವಕೀಲಮ್ಮ ತಲೆ ಮುಂದೆ ಚಾಚಿದರು.

"ಕೋಟಿಗೆ ಅಳ್ತಾರೇನಮ್ಮ? ನಂತಾವ ಎರಡವೆ. ಭಾನುವಾರ ಮನೆ ಕಡೆ ಬಾ."

ಭಾನುವಾರ ಹೋದೆ. ಕೋಟು ನುಸಿಗುಳಿಗೆ ವಾಸನೆ ಹೊಡೆಯುತ್ತಿತ್ತು. ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಭುಜದ ಹತ್ತಿರ ಸ್ವಲ್ಪ ದೊಗಲೆ, ಅಷ್ಟೇ. ಬೇರೆ ಯಾರೋ ನಿಂತಂತೆ ಕಂಡಿತು, ಸುಮ್ಮನೆ ಯಾರೂ ನಗಲಾಗದಂಥ ಒಬ್ಬಳು.

"ಯಾವಾಗ ಬೇಕಾದ್ರೂ ವಾಪಸ್ ಕೊಡು. ಬೇಸ್ಗೇಲಿ ನಮ್ಗೆ ಕೋಟು ಕಡ್ಡಾಯ ಇಲ್ಲ" ಅಂದರು ವಕೀಲಮ್ಮ. "ನಿಮ್ ಕಾಲೇಜ್ನಾಗೆ ಇನ್ಯಾರ್ಗಾದ್ರೂ ಬೇಕಂದ್ರೆ ಅವ್ರಿಗೂ ಕೊಡಮ್ಮ. ಬೀರುನಾಗೆ ಇದ್ದು ಏನ್ ಮಾಡ್ತೈತೆ."

ಕಾಲೇಜಿನಲ್ಲಿ ಹುಡುಗಿಯರು ಕೋಟು ಮುಟ್ಟಿ ನೋಡಿ ಎಲ್ಲಿಯದು ಅಂದರು. ತುಮಕೂರಿನಲ್ಲಿ ಅಳತೆ ಕೊಟ್ಟು ಹೊಲಿಸಿದೆ ಅಂದುಬಿಟ್ಟೆ. ಪಾವಗಡದವಳು ಪಕ್ಕದಲ್ಲೇ ಇದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಒಂದು ಮಾತೂ ಆಡಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಒಂದು ಖಾಸಗಿ ಬ್ಯಾಂಕಿನವರು ಬಂದರು. ಅವತ್ತು ಬೆಳಿಗ್ಗೆ ಅವಳು ಬಸ್ಸಿನಲ್ಲಿ ಬಿಳಿ ಶರ್ಟು, ಕರಿ ಪ್ಯಾಂಟು ಹಾಕಿಕೊಂಡು ಕೂತಿದ್ದಳು. ಇಸ್ತ್ರಿ ಗೆರೆ ಮುರಿಯಬಾರದೆಂದು ಬೆನ್ನು ನೆಟ್ಟಗೆ ಮಾಡಿಕೊಂಡು. ಕೋಟಿರಲಿಲ್ಲ, ಅವತ್ತು ಹಿಂದಿನ ಸೀಟಿಗೆ ವಕೀಲಮ್ಮನೂ ಬಂದಿರಲಿಲ್ಲ. ಹಿಂದೂಪುರದಲ್ಲಿರುವ ದೊಡ್ಡಪ್ಪನ ಮಗಳು ತನ್ನ ಕೋಟನ್ನು ಮಧುಗಿರಿ ಬಸ್ ಸ್ಟ್ಯಾಂಡಿಗೆ ತಲುಪಿಸುತ್ತೇನೆ ಅಂದಿದ್ದಳಂತೆ. ಮಧುಗಿರಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇವಳು ಕೆಳಗಿಳಿದು ಆ ಕಡೆ ಈ ಕಡೆ ಓಡಿ ನೋಡಿದಳು. ಯಾರೂ ಬಂದಿರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಕಂಡಕ್ಟರ್ ಸೀಟಿ ಊದಿದ ಮೇಲೆ ಹತ್ತಿ ಬಂದು ಕೂತಳು.

"ಇರ್ಲಿ ಬಿಡಕ್ಕ, ಚೆನ್ನಾಗಿ ಮಾತಾಡಿದ್ರೆ ಕೋಟು ಯಾರು ನೋಡ್ತಾರೆ" ಅಂದಳು.

ಮೊದಲ ಸುತ್ತಿನಲ್ಲಿ ಹತ್ತು ಹತ್ತು ಜನರನ್ನು ಒಟ್ಟಿಗೆ ಕೂರಿಸಿ ಒಂದು ವಿಷಯ ಕೊಟ್ಟು ಮಾತಾಡಿಸಿದರು. ಅದಕ್ಕೆ ಬಟ್ಟೆ ಯಾರೂ ನೋಡಲಿಲ್ಲ. ನಾವಿಬ್ಬರೂ ಒಂದೇ ಗುಂಪು. ನಾನು ಎರಡು ವಾಕ್ಯ ಹೇಳಿ ನಿಲ್ಲಿಸಿದೆ. ಅವಳು ಹಳ್ಳಿಯ ಹೆಂಗಸರ ಸಂಘಗಳು ಹೇಗೆ ನಡೆಯುತ್ತವೆ ಅಂತ ತನ್ನ ತಾಯಿಯ ಸಂಘದ ಉದಾಹರಣೆ ಕೊಟ್ಟು ವಿವರಿಸಿದಳು. ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು, ಆದರೆ ಬ್ಯಾಂಕಿನವರಲ್ಲಿ ಒಬ್ಬರು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದರು. ನನ್ನ ಮಾತಿಗೆ ಅವರು ಬಾಗಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ.

ಎರಡನೇ ಸುತ್ತಿಗೆ ಹನ್ನೊಂದು ಜನ ಉಳಿದೆವು. ಕೆಲಸ ಮೂರು ಜನಕ್ಕೆ. ನನ್ನ ಹೆಸರು ಮೊದಲೇ ಬಂತು. ಕೋಟಿನ ಗುಂಡಿ ಹಾಕಿಕೊಂಡು ಒಳಗೆ ಹೋದೆ, ಕಾಲು ಗಂಟೆ ಮಾತಾಡಿ ಬಂದೆ. ಬಾಗಿಲ ಬಳಿ ಅದೇ ತರಬೇತಿ ಮೇಷ್ಟ್ರು ಪಟ್ಟಿ ಹಿಡಿದು ನಿಂತಿದ್ದರು. ಪಾವಗಡದವಳನ್ನು ನೋಡಿ, "ಕೋಟಿಲ್ಲದೆ ಕಳ್ಸಲ್ಲ. ಕಾಲೇಜಿನ ಮರ್ಯಾದೆ ಪ್ರಶ್ನೆ. ಎಲ್ಲಾದ್ರೂ ಹೊಂದಿಸ್ಕೊಂಡು ಬಾ" ಅಂದರು.

ಅವಳು ನೇರ ನನ್ನ ಹತ್ತಿರ ಬಂದಳು.

"ಅಕ್ಕಾ, ಹತ್ತು ನಿಮಿಷ ಕೋಟು ಕೊಡ್ತೀಯಾ? ನಿಂದು ಮುಗೀತಲ್ಲ."

ಹೌದು, ನನ್ನದು ಮುಗಿದಿತ್ತು. ಸುತ್ತ ಕ್ಲಾಸಿನ ಹುಡುಗಿಯರು ನಿಂತಿದ್ದರು. ತುಮಕೂರಿನಲ್ಲಿ ನನ್ನ ಅಳತೆಗೆ ಹೊಲಿಸಿದ್ದೆಂದು ಅವರು ನಂಬಿದ್ದ ಕೋಟು ಅವಳ ಮೈಗೂ ಅಷ್ಟೇ ದೊಗಲೆಯಾಗಿ ಕೂತರೆ ಏನಂದುಕೊಳ್ಳುತ್ತಾರೋ ಅನ್ನಿಸಿತು. ಅದು ಒಂದು ಕಾರಣ, ಆದರೆ ಅದು ಸಣ್ಣದು. ದೊಡ್ಡದು ಆ ಬಾಗಿ ಕೇಳುತ್ತಿದ್ದ ಮನುಷ್ಯ. ಇವಳು ಒಳಗೆ ಹೋದರೆ ಮೂರರಲ್ಲಿ ಒಂದು ಇವಳದ್ದೇ ಅಂತ ನನಗೆ ಗೊತ್ತಿತ್ತು.

"ಕೊಡ್ತಿದ್ದೆ ಕಣೇ. ಆದ್ರೆ ವಕೀಲಮ್ಮ ಬೇರೆ ಯಾರ್ಗೂ ಕೊಡಬೇಡ ಅಂತ ಹೇಳವ್ರೆ" ಅಂದೆ. ಬೇರೆಯವರಿಗೆ ಕೇಳದಂತೆ ಮೆಲ್ಲಗೆ ಅಂದೆ.

ಅವಳ ಮುಖದಲ್ಲಿ ಅನುಮಾನ ಮೂಡಲಿಲ್ಲ. "ಅಯ್ಯೋ, ಹೌದಾ? ನಾನು ಕೇಳಬಾರ್ದಿತ್ತು ಬಿಡು" ಅಂದಳು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋದಳು. ಮೊದಲ ಸುತ್ತಿನಲ್ಲಿ ಬಿದ್ದವರು ಆಗಲೇ ಬಸ್ಸು ಹಿಡಿದಿದ್ದರು, ಉಳಿದವರು ತಮ್ಮ ಸರದಿ ಕಾಯುತ್ತಿದ್ದವರು, ಮುಗಿಸಿ ಬಂದವರು ಏನಾದರೊಂದು ನೆಪ ಹೇಳಿ ಜಾರಿಕೊಂಡರು. ಎಲ್ಲರದ್ದೂ ಮುಗಿದ ಮೇಲೆ, ಬ್ಯಾಂಕಿನವರು ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ, ಒಬ್ಬ ಹುಡುಗನ ಕೋಟು ಸಿಕ್ಕಿತು. ತೋಳು ಅವಳ ಬೆರಳು ಮುಚ್ಚುವಷ್ಟು ಉದ್ದ. ಐದು ನಿಮಿಷದಲ್ಲಿ ಹೊರಗೆ ಬಂದಳು.

ಸಂಜೆ ಮೂರು ಹೆಸರು ಓದಿದರು. ಮೂರನೆಯದು ನನ್ನದು. ಅವಳು ಬಂದು ನನ್ನ ಎರಡೂ ಕೈ ಹಿಡಿದು ಕುಲುಕಿದಳು. ಅವಳ ಕೈ ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನಾನು ಅಂದುಕೊಂಡಿರದ ಒಂದು ಘಟನೆ ನಡೆಯಿತು. ನಾನೂ ವಕೀಲಮ್ಮನೂ ಹತ್ತಿ ಕೂತ ಕೂಡಲೇ ಅವಳು ಹಿಂದಕ್ಕೆ ತಿರುಗಿದಳು.

"ಸಾರಿ ಮೇಡಂ. ನೀವು ಬೇಡ ಅಂದಿದ್ದು ನಂಗೆ ಗೊತ್ತಿರಲಿಲ್ಲ. ನಾನೇ ಅಕ್ಕನ್ನ ಕೋಟು ಕೇಳ್ಬಿಟ್ಟೆ. ಅಕ್ಕನ ತಪ್ಪಿಲ್ಲ ಅದರಾಗೆ."

ವಕೀಲಮ್ಮ ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸುಳ್ಳು ಸಾಕ್ಷಿಗಳನ್ನು ದಿನಾ ನೋಡುವ ಕಣ್ಣು ಅದು. ಹೆಚ್ಚು ಹೊತ್ತೇನೂ ನೋಡಲಿಲ್ಲ.

"ಇರ್ಲಿ ಬುಡಮ್ಮ" ಅಂದರು ಅವಳಿಗೆ. "ನಾನು ಅಂಗ್ ಹೇಳಬಾರ್ದಿತ್ತು. ತಪ್ಪು ನಂದು."

ಮಿಡಿಗೇಶಿಯಿಂದ ಮಧುಗಿರಿಗೆ ಮುಕ್ಕಾಲು ಗಂಟೆಯ ದಾರಿ. ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಮಧುಗಿರಿ ಬೆಟ್ಟ ಹತ್ತಿರವಾಗುತ್ತಾ ಬಂತು, ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೇ ಇದ್ದೆ. ವಕೀಲಮ್ಮ ಇಳಿದು ಹೋದರು. ಮಾಡದ ತಪ್ಪನ್ನು ಒಪ್ಪಿಕೊಂಡು ಇಳಿದು ಹೋದರು.

ಆ ಭಾನುವಾರ ಕೋಟನ್ನು ಇಸ್ತ್ರಿ ಮಾಡಿಸಿ ವಾಪಸ್ ಕೊಡಲು ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಅಳಬಹುದಿತ್ತು. ಅವರು ಕಾಫಿ ಕೊಟ್ಟರು, ಕೆಲಸ ಯಾವಾಗಿನಿಂದ ಅಂತ ಕೇಳಿದರು. ಹೊರಡುವಾಗ ಬಾಗಿಲವರೆಗೆ ಬಂದು ನಿಂತರು.

"ನೀನು ಕೊಡಲ್ಲ ಅಂದಿದ್ರೆ ನಂಗೇನೂ ಬೇಜಾರಿರ್ಲಿಲ್ಲ ಕಣಮ್ಮ. ಅದು ನಿನ್ನಿಷ್ಟ. ನನ್ ಬಾಯಿಂದ ಯಾಕೆ ಹೇಳಿಸ್ದೆ?"

ನಾನು ಚಪ್ಪಲಿ ಮೆಟ್ಟಿಕೊಂಡೆ.

"ಆ ಹುಡ್ಗಿಗೆ ಹೇಳ್ಬುಡು. ನನ್ ಸಲುವಾಗಿ ಅಲ್ಲ."

"ಹೇಳ್ತೀನಿ" ಅಂದೆ. ಹೇಳಲಿಲ್ಲ. ಪರೀಕ್ಷೆ ಬಂತು, ಮುಗಿಯಿತು. ಕಡೆಯ ದಿನದವರೆಗೂ ಅವಳು ಉಳಿಸಿಕೊಂಡು ಬಂದ ಸೀಟಿನಲ್ಲೇ ಕೂತು ಹೋದೆ.

ನನ್ನನ್ನು ಶಿರಾ ಶಾಖೆಗೆ ಹಾಕಿದರು. ಮೊದಲ ಸಂಬಳ ಬಂದಾಗ ಶಿರಾದ ಒಬ್ಬ ಹಿರಿಯ ಸಾಬರ ಅಂಗಡಿಯಲ್ಲಿ ಕೋಟು ಹೊಲಿಯಲು ಕೊಟ್ಟೆ. ಅವರು ಭುಜದ ಅಳತೆಯನ್ನು ಎರಡು ಸಲ ತೆಗೆದು, "ಬರಾಬರ್ ಕೂರುತ್ತೆ ಬೇಟಿ, ಫಿಕರ್ ಮಾಡ್ಬೇಡ" ಅಂದರು. ನಿಜಕ್ಕೂ ಬರಾಬರ್ ಕೂತಿತು. ಆದರೆ ಶಾಖೆಯಲ್ಲಿ ಮ್ಯಾನೇಜರೂ ಕೋಟು ಹಾಕುತ್ತಿರಲಿಲ್ಲ. ನನ್ನ ಕೆಲಸ ಬುಕ್ಕಾಪಟ್ಟಣ, ಆಸುಪಾಸಿನ ಹಳ್ಳಿಗಳಿಗೆ ಸ್ಕೂಟಿಯಲ್ಲಿ ಹೋಗಿ ಖಾತೆ ತೆರೆಸುವುದು. ಆ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಹೋದರೆ ಜನ ಹುಚ್ಚಿ ಅನ್ನುತ್ತಿದ್ದರು. ಹೆಂಗಸರ ಸಂಘಗಳ ಮುಂದೆ ಕೂತು ಮಾತು ಸಿಗದೆ ತಡವರಿಸಿದಾಗೆಲ್ಲ, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವಳು ಯಾರೆಂದು ನೆನಪಾಗುತ್ತಿತ್ತು. ಆ ಸಂಘದ ಹೆಂಗಸರು ನನ್ನನ್ನು ಮೇಡಂ ಅಂತ ಚಾಪೆ ಹಾಸಿ ಕೂರಿಸುತ್ತಿದ್ದರು. ಕೂರಲು ನಾಚಿಕೆಯಾಗುತ್ತಿತ್ತು.

ಒಂದು ವರ್ಷ ಕಳೆದ ಮೇಲೆ ಪಾವಗಡದ ಕಡೆ ಸೋಲಾರ್ ಕಂಪನಿಯೊಂದರ ಕಚೇರಿಗೆ ಹೋಗಬೇಕಾಗಿ ಬಂತು. ಅಲ್ಲಿಯ ನೌಕರರಿಗೆ ಸಂಬಳದ ಖಾತೆ ಮಾಡಿಸುವ ಕೆಲಸ. ಲೆಕ್ಕಪತ್ರದ ಕೋಣೆಯಲ್ಲಿ ಕಾಟನ್ ಕುರ್ತಾ ತೊಟ್ಟು, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಅವಳು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಚೆನ್ನಾಗಿದೀರಾ?"

ಎರಡು ವರ್ಷ ನನ್ನನ್ನು ನೀನು ಅಂದವಳು. ಆ ಬಹುವಚನ ಕೇಳಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಕೂರುವ ಮೊದಲೇ ಹೇಳಿದೆ. ವಕೀಲಮ್ಮ ಬೇಡ ಅಂದಿರಲಿಲ್ಲ, ಯಾರಿಗೆ ಬೇಕಾದರೂ ಕೊಡು ಅಂದಿದ್ದರು, ನಾನೇ ಸುಳ್ಳು ಹೇಳಿದೆ ಅಂದೆ. ನಿನಗೆ ಕೆಲಸ ಸಿಗುತ್ತದೆ ಅಂತ ಹೆದರಿ ಹೇಳಿದೆ ಅಂತಲೂ ಅಂದೆ.

ಅವಳು ಫ್ಯಾನಿನ ಗಾಳಿಗೆ ಹಾರುತ್ತಿದ್ದ ಹಾಳೆಗಳ ಮೇಲೆ ಸ್ಟೇಪ್ಲರ್ ಇಟ್ಟಳು.

"ಗೊತ್ತಿತ್ತು ಅಕ್ಕಾ. ಅವತ್ತು ಬಸ್ಸಲ್ಲಿ ಮೇಡಂ ನಿಮ್ಮ ಕಡೆ ನೋಡಿದ್ರಲ್ಲ, ಆಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ನೀವೇ ಹೇಳ್ತೀರ ಅಂದ್ಕೊಂಡೆ. ದಿನಾ ಅಂದ್ಕೊಳ್ತಿದ್ದೆ."

"ಸಿಟ್ಟು ಬರಲಿಲ್ವಾ?"

"ಬಂತು. ತುಂಬ ದಿನ ಇತ್ತು. ಅಮ್ಮನ ಹತ್ರನೂ ಹೇಳಿಲ್ಲ, ಅಷ್ಟು ಸಿಟ್ಟು."

ಹೋಗಲಿ ಬಿಡಿ ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ. ಅನ್ನಬೇಕಾದ ಅಗತ್ಯವೂ ಅವಳಿಗಿರಲಿಲ್ಲ. ಕುರ್ಚಿ ಎಳೆದು ಕೊಟ್ಟಳು, ನೀರು ತರಿಸಿದಳು. ಆಮೇಲೆ ನೌಕರರ ಅರ್ಜಿಗಳನ್ನು ನನ್ನ ಮುಂದೆ ಇಟ್ಟು, ಒಂದೊಂದನ್ನೂ ಆಧಾರ್ ಜೊತೆ ತಾಳೆ ನೋಡುತ್ತಾ ಹೋದಳು. ನಾನು ಎರಡು ಕಡೆ ಹೆಸರು ತಪ್ಪು ಬರೆದೆ. ಅವಳು ತೋರಿಸಿದಳು, ನಾನು ಹೊಡೆದುಹಾಕಿ ಸರಿಯಾಗಿ ಬರೆದೆ.