ಬ್ಯಾಟರಿ ದೀಪದ ದೇವರು

ಹೆಂಡತಿ ಮೈಸೂರಿಗೆ ಹೋಗುವಾಗ ದೇವರ ದೀಪವನ್ನು ನನ್ನ ಸುಪರ್ದಿಗೆ ಬಿಟ್ಟು ಹೋಗಿದ್ದಾಳೆ. ಇವತ್ತು ಬೆಳಗ್ಗೆ ಸ್ನಾನ ಮುಗಿಸಿ ಬಂದವನ ಕೈ ಎಣ್ಣೆಯ ಕಡೆ ಹೋಗದೆ ಡ್ರಾಯರ್ ಕಡೆ ಹೋಯಿತು. ಅಲ್ಲೊಂದು ಪ್ಲಾಸ್ಟಿಕ್ ದೀಪವಿದೆ. ಬ್ಯಾಟರಿ ಹಾಕಿದರೆ ಜ್ವಾಲೆ ಕುಣಿಯುತ್ತದೆ. ಅದನ್ನು ಕಂಡರೆ ನಿಮಗೆ ದೀಪಾವಳಿ ನೆನಪಾದೀತು. ನನಗೆ ಹದಿನೇಳನೇ ಶತಮಾನದ ಯುರೋಪು ನೆನಪಾಗುತ್ತದೆ. ತಪ್ಪು ನನ್ನದಲ್ಲ, ನಾವಿರುವ ಈ ಪರದೇಶದ ಟೋವಾ ಪಾಯೋ ಬಡಾವಣೆಯ ಅಂಕಲ್‌ರದು.

ಅಂಕಲ್ ನಿವೃತ್ತ ತತ್ವಶಾಸ್ತ್ರದ ಮೇಷ್ಟರು. ಶನಿವಾರ ಸಂಜೆ ತಮ್ಮ ಬ್ಲಾಕಿನ ಕೆಳಗೆ ಎಲ್ಲರಿಗೂ ತೆರೆದ ಜಗಲಿಯಂಥ ವಾಯ್ಡ್ ಡೆಕ್‌ನಲ್ಲಿ ಕುಳಿತು, ಉಬಿಯ ಆಫೀಸುಗಳಲ್ಲಿ ಸಾಫ್ಟ್‌ವೇರ್ ಬರೆದು ದಣಿದ ನಮ್ಮಂಥವರಿಗೆ ಜ್ಞಾನದಾನ ಮಾಡುತ್ತಿದ್ದರು. ನಾನು ಹೋಗುತ್ತಿದ್ದದ್ದು ಸತ್ಯಾನ್ವೇಷಣೆಗೆ. ಆಂಟಿಯ ಒಗ್ಗರಣೆ ಅವಲಕ್ಕಿ ಕೇವಲ ಆಕಸ್ಮಿಕ. ಅಂಕಲ್ ಒಪ್ಪುತ್ತಿದ್ದ ದೇವರು ಒಬ್ಬನೇ, ಅಂದಿನ ವಿಚಾರವಾದಿಗಳ ಗಡಿಯಾರದ ದೇವರು. ಜಗತ್ತಿಗೆ ಒಮ್ಮೆ ಕೀಲಿ ಕೊಟ್ಟ, ಸರಿದು ನಿಂತ. ಆಮೇಲೆ ಅವನಿಗೆ ಪೂಜೆಯೂ ಬೇಡ, ನಮಗೆ ಪವಾಡವೂ ಬೇಡ.

“ಹಾಗಾದ್ರೆ ನಿಮ್ಮ ದೇವ್ರೂ ರಿಟೈರ್ಡು,” ಎಂದರು ಆಂಟಿ ಒಮ್ಮೆ, ತಟ್ಟೆ ಇಡುತ್ತಾ. “ಮನೇಲಿ ಒಂದು ಕೆಲ್ಸಕ್ಕೂ ಸಿಗಲ್ಲ.”

ಆ ಆಂಟಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಆಸ್ಪತ್ರೆ ಸೇರುವಾಗ ಅವರು ಕೇಳಿದ್ದು ಇಷ್ಟೇ: ಮದುವೆಯಾದಾಗಿನಿಂದ ತಾನು ತಪ್ಪಿಸದ ದೀಪ ತಪ್ಪಬಾರದು. ಅಂಕಲ್ ಮಾತು ಕೊಟ್ಟರು. ಕೊಟ್ಟವರು ನೇರ ಲಿಟಲ್ ಇಂಡಿಯಾದ ಅಂಗಡಿಬೀದಿಗೆ ಹೋಗಿ ಈ ದೀಪ ತಂದರು. ಬ್ಯಾಟರಿ ಹಾಕಿದ ಪುಣ್ಯ ನನ್ನದು. ಸ್ವಿಚ್ ಒತ್ತಿ, ಅಂಕಲ್ ತಮ್ಮ ದೇವರ ಹಾಗೆಯೇ ಸರಿದು ನಿಂತರು.

ಆಪರೇಷನ್ನಿನ ಹಿಂದಿನ ಸಂಜೆ ಇಬ್ಬರೂ ನೋಡಲು ಹೋದೆವು. “ದೀಪ ಹಚ್ಚಿದ್ರಾ?” ಎಂದು ಆಂಟಿ ಕೇಳಿದರು.

“ಉರೀತಾ ಇದೆ.”

“ಉರೀತಾ ಇದ್ಯಾ ಅಂತ ಕೇಳ್ಲಿಲ್ಲ. ನೀವು ಹಚ್ಚಿದ್ರಾ?”

ದೇವರನ್ನೇ ನಿರುತ್ತರನಾಗಿಸಿದ್ದ ಅಂಕಲ್ ಆಂಟಿಯ ಹೊದಿಕೆ ಸರಿಮಾಡತೊಡಗಿದರು.

ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ, ಅವರೇ ಕಲಿಸಿದ ಪಾಠವನ್ನು ಅವರಿಗೇ ಒಪ್ಪಿಸಿದೆ: ದೇವರಿದ್ದಾನೆಂದು ಪಣ ಕಟ್ಟಿದರೆ, ಗೆದ್ದವನಿಗೆ ಎಲ್ಲ ಲಾಭ, ಸೋತವನಿಗೆ ನಷ್ಟವಿಲ್ಲ.

“ಲಾಭ ನೋಡ್ಕೊಂಡು ಹಚ್ಚಿದ್ರೆ ಅವಳಿಗೆ ಮೋಸ ಕಣಯ್ಯಾ,” ಎಂದರು. “ನಂಬಿಕೆ ಇಲ್ಲ. ಮಾತು ಕೊಟ್ಟಿದ್ದೀನಿ. ಅಷ್ಟು ಸಾಕು.”

ಮನೆಗೆ ಬಂದು ಸ್ವಿಚ್ ಆರಿಸಿದರು. ಹೊಸೆದ ಮೊದಲ ಬತ್ತಿ ಎಣ್ಣೆಯಲ್ಲಿ ಮುಳುಗಿತು, ಮುಂದಿನದು ಬರೀ ಹೊಗೆಯಾಡಿತು. ತುಟಿ ಬಿಗಿದು ಮತ್ತೊಂದು ಹೊಸೆದರು. ಹತ್ತಿಕೊಂಡಿತು. ಕೈ ಮಾತ್ರ ಮುಗಿಯಲಿಲ್ಲ.

ಬೆಳಗ್ಗೆ ಮತ್ತೆ ಹಚ್ಚಿಯೇ ಆಸ್ಪತ್ರೆಗೆ ಬಂದರು. ಆಂಟಿ ಗಂಡನ ಕೈಯನ್ನು ಹತ್ತಿರಕ್ಕೆಳೆದು ಬೆರಳು ಮೂಸಿದರು. ಎಣ್ಣೆಯ ವಾಸನೆ ಸಿಕ್ಕಿರಬೇಕು, ಕಣ್ಣು ಮುಚ್ಚಿ ಸಮಾಧಾನವಾಗಿ ಮಲಗಿದರು. ನರ್ಸ್‌ಗಳು ಹಾಗೆಯೇ ಒಳಗೆ ಕರೆದೊಯ್ದರು.

ಆಂಟಿ ಗುಣವಾಗಿ ಬಂದರು. ಅಂಕಲ್ ಅದರ ಕೀರ್ತಿಯನ್ನು ಸರ್ಜನ್‌ಗೆ ಕೊಟ್ಟರು, ಬ್ಯಾಟರಿ ದೀಪವನ್ನು ನನಗೆ ಕೊಟ್ಟರು. ದೀಪ ಹಚ್ಚುವ ಕೆಲಸವನ್ನು ಮಾತ್ರ ಆಂಟಿಗೂ ವಾಪಸು ಕೊಡಲಿಲ್ಲ.

ಡ್ರಾಯರ್ ಮುಚ್ಚಿದ್ದೇನೆ. ದೇವರ ಅಸ್ತಿತ್ವದ ಪ್ರಶ್ನೆ ಪಾಸಿರ್ ರಿಸ್‌ನ ನಮ್ಮ ಈ ಅಡುಗೆಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಹೆಂಡತಿಯ ಫೋನ್ ಬರುವ ಹೊತ್ತು. ನನ್ನ ಮೊದಲ ಬತ್ತಿಯೂ ಮುಳುಗಿತು. ಇನ್ನೊಂದು ಹೊಸೆಯುತ್ತಿದ್ದೇನೆ.